ಪಾರ್ಕಿಂಗ್ ಜಾಗ ಯಾರದ್ದು? ಅಪಾರ್ಟ್‌ಮೆಂಟ್ ಜಗಳದ ಹಿಂದಿರುವ ಕಾಗದಗಳು

ಬೆಂಗಳೂರಿನ ಯಾವುದಾದರೂ ಬಡಾವಣೆಯ ಹದಿನಾರು ಫ್ಲ್ಯಾಟಿನ ಒಂದು ಸಾಧಾರಣ ಕಟ್ಟಡವನ್ನು ಊಹಿಸಿಕೊಳ್ಳಿ. ಕೆಳಗೆ ಕಂಬಗಳ ನಡುವೆ ಕಾರು ನಿಲ್ಲಿಸುವ ಸ್ಟಿಲ್ಟ್, ಅದರ ಮೇಲೆ ನಾಲ್ಕು ಮಹಡಿ. ಬಿಲ್ಡರ್ ಹದಿನಾರು ಮಂದಿಗೂ 'ಕವರ್ಡ್ ಕಾರ್ ಪಾರ್ಕಿಂಗ್ ಸಮೇತ' ಎಂದು ಹೇಳಿಯೇ ಮಾರಿರುತ್ತಾನೆ. ಕಂಬಗಳ ನಡುವೆ ನಿಜಕ್ಕೂ ಹಿಡಿಯುವುದು ಹದಿಮೂರು ಕಾರು. ಮೊದಲೆರಡು ವರ್ಷ ಯಾರಿಗೂ ಇದು ಗೊತ್ತಾಗುವುದಿಲ್ಲ. ಕೆಲವು ಮನೆಗಳು ಖಾಲಿ ಇರುತ್ತವೆ, ಕೆಲವರ ಹತ್ತಿರ ಸ್ಕೂಟರ್ ಮಾತ್ರ ಇರುತ್ತದೆ. ಮೂರನೆಯ ವರ್ಷ 302ರವರು ಕಾರು ಕೊಳ್ಳುತ್ತಾರೆ. ಕ್ರಯಪತ್ರ ತೆಗೆದು ನೋಡಿದರೆ 'ಒಂದು ಕಾರ್ ಪಾರ್ಕಿಂಗ್' ಎಂದು ಸ್ಪಷ್ಟವಾಗಿ ಬರೆದಿದೆ. ಆ ಜಾಗದಲ್ಲಿ 104ರವರ ಕಾರು ನಿಂತಿದೆ. 104ರವರ ಕ್ರಯಪತ್ರದಲ್ಲೂ ಅದೇ ಸಾಲು ಇದೆ.

"ಸಾರ್, ಇದು ನಮ್ಮ ಜಾಗ, ನಾವು ದುಡ್ಡು ಕೊಟ್ಟಿದ್ದೀವಿ."

"ನಾವೇನು ಪುಕ್ಕಟೆ ತಗೊಂಡಿದ್ದೀವಾ?"

ಇಬ್ಬರೂ ಹೇಳುತ್ತಿರುವುದು ನಿಜ. ಜಗಳ ಬಿಡಿಸಲು ಬಂದ ಅಸೋಸಿಯೇಷನ್ ಕಾರ್ಯದರ್ಶಿ "ಹೊಂದಿಕೊಂಡು ಹೋಗಿ" ಎನ್ನುತ್ತಾರೆ. ಹೊಂದಿಕೊಳ್ಳಲು ಇಬ್ಬರೂ ಸಿದ್ಧರಿದ್ದರೂ ಒಂದು ಜಾಗದಲ್ಲಿ ಎರಡು ಕಾರು ನಿಲ್ಲುವುದಿಲ್ಲ. ಪಾರ್ಕಿಂಗ್ ಜಗಳ ಎಂದರೆ ಹಟಮಾರಿಗಳ ಜಗಳ ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ನನ್ನ ಮಟ್ಟಿಗೆ, ಇವುಗಳಲ್ಲಿ ಬಹುಪಾಲು ಹುಟ್ಟುವುದು ಕಾಗದದಲ್ಲಿ. ಕ್ರಯಪತ್ರ ಒಂದು ಹೇಳುತ್ತದೆ, ಮಂಜೂರಾದ ನಕ್ಷೆ ಇನ್ನೊಂದು ಹೇಳುತ್ತದೆ, ನೆಲದ ಮೇಲೆ ಬಳಿದ ಬಣ್ಣ ಮೂರನೆಯದನ್ನು ಹೇಳುತ್ತದೆ. ಈ ಮೂರನ್ನೂ ಹಾಗೆ ಮಾಡಿಟ್ಟು ಹೋದವನು ಅಷ್ಟರಲ್ಲಿ ಮುಂದಿನ ಕಟ್ಟಡ ಕಟ್ಟುತ್ತಿರುತ್ತಾನೆ. ಉಳಿದ ಸಿಟ್ಟೆಲ್ಲ ಪಕ್ಕದ ಮನೆಯವರ ಮೇಲೆ ತಿರುಗುತ್ತದೆ.

ಹಾಗಾಗಿ 'ಈ ಜಾಗ ಯಾರದ್ದು' ಎಂದು ಕೇಳುವ ಮೊದಲು 'ಈ ಜಾಗದ ಮೇಲೆ ಇರುವುದು ಎಂಥ ಹಕ್ಕು' ಎಂದು ಕೇಳಬೇಕು. ಮಾಲೀಕತ್ವ ಬೇರೆ, ಬಳಸುವ ಹಕ್ಕು ಬೇರೆ, ಇಷ್ಟು ದಿನ ಯಾರೂ ಕೇಳಲಿಲ್ಲ ಎಂಬ ಕಾರಣಕ್ಕೆ ನಡೆದುಕೊಂಡು ಬಂದ ರೂಢಿ ಬೇರೆ. ಜಗಳದಲ್ಲಿ ಮೂರನ್ನೂ 'ನಮ್ಮ ಜಾಗ' ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಹತ್ತು ವರ್ಷದಿಂದ ಅಲ್ಲೇ ನಿಲ್ಲಿಸುತ್ತಿದ್ದೇನೆ ಎಂಬುದು ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದಂತೆ. ಸುತ್ತಲಿನವರು ಒಪ್ಪುವ ತನಕ ಅದಕ್ಕೆ ಬೆಲೆ ಇದೆ, ತಕರಾರು ಎದ್ದ ದಿನ ಟಿಕೆಟ್ ನೋಡಲೇಬೇಕಾಗುತ್ತದೆ.

ಬಿಲ್ಡರ್ ಪಾರ್ಕಿಂಗ್ ಜಾಗವನ್ನು ಬೇರೆಯಾಗಿ ಮಾರಬಹುದೇ ಎಂಬ ಪ್ರಶ್ನೆ ಮುಂಬೈಯ ದಹಿಸರ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ನಹಲ್‌ಚಂದ್ ಲಾಲೂಚಂದ್ ಎಂಬ ನಿರ್ಮಾಣ ಸಂಸ್ಥೆ ಒಂದು ಕಡೆ, ಪಾಂಚಾಲಿ ಸಹಕಾರಿ ಹೌಸಿಂಗ್ ಸೊಸೈಟಿ ಇನ್ನೊಂದು ಕಡೆ. ಸ್ಟಿಲ್ಟ್‌ನ 25 ಪಾರ್ಕಿಂಗ್ ಜಾಗಗಳು ಇನ್ನೂ ತನ್ನವೇ, ಅವನ್ನು ಬೇಕಾದವರಿಗೆ ಮಾರಬಲ್ಲೆ, ಸೊಸೈಟಿ ಅಲ್ಲಿ ಕೈಹಾಕಬಾರದು ಎಂಬುದು ಸಂಸ್ಥೆಯ ವಾದ. ಕೆಳಗಿನ ನ್ಯಾಯಾಲಯದಲ್ಲೂ ಬಾಂಬೆ ಹೈಕೋರ್ಟಿನಲ್ಲೂ ಅದು ಸೋತಿತು. 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಸಹ ಆ ವಾದವನ್ನು ತಳ್ಳಿಹಾಕಿತು. ಸ್ಟಿಲ್ಟ್ ಜಾಗ ಗ್ಯಾರೇಜೂ ಅಲ್ಲ, ಫ್ಲ್ಯಾಟೂ ಅಲ್ಲ, ಅದು ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶ, ಅದನ್ನು ಪ್ರತ್ಯೇಕವಾಗಿ ಮಾರುವ ಹಕ್ಕು ಬಿಲ್ಡರ್‌ಗೆ ಇಲ್ಲ ಎಂದಿತು. ತೀರ್ಪು ಬಂದದ್ದು ಮಹಾರಾಷ್ಟ್ರದ 1963ರ ಕಾಯ್ದೆಯ ಅಡಿ. ಹಾಗಾಗಿ ನಮ್ಮ ರಾಜ್ಯದ ಕಟ್ಟಡಕ್ಕೆ ಅದನ್ನು ಪದಕ್ಕೆ ಪದ ಅಂಟಿಸಲಾಗದು. ಆದರೂ 'ಎಲ್ಲರ ಜಾಗವನ್ನು ಒಬ್ಬರಿಗೆ ಮಾರಲಾಗದು' ಎಂಬ ಅದರ ತಿರುಳು ನಮ್ಮ ಕಾಯ್ದೆಯಲ್ಲೂ ಇದೆ.

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು. ಅದರಲ್ಲಿ ಸಾಮಾನ್ಯ ಪ್ರದೇಶಗಳ ಪಟ್ಟಿ ಇದೆ. ಮೆಟ್ಟಿಲು, ಲಿಫ್ಟ್, ನೆಲಮಾಳಿಗೆ, ಅಂಗಳ, ತೋಟಗಳ ಜೊತೆಗೆ ಪಾರ್ಕಿಂಗ್ ಪ್ರದೇಶವೂ ಅದರಲ್ಲಿದೆ. ಆದರೆ ಕಾಯ್ದೆ ಒಂದು ಬಾಗಿಲನ್ನು ತೆರೆದಿಟ್ಟಿದೆ: 'ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳದಿದ್ದರೆ' ಮಾತ್ರ ಇದು ಅನ್ವಯ. ಜನ ಡೀಡ್ ಆಫ್ ಡಿಕ್ಲರೇಷನ್ ಎಂದು ಕರೆಯುವ ಕಾಗದ ಇದೇ. ಕಟ್ಟಡ ಈ ಕಾಯ್ದೆಯ ವ್ಯಾಪ್ತಿಗೆ ಬರುವುದೇ ಈ ಪತ್ರ ನೋಂದಣಿಯಾದ ಮೇಲೆ. ಎಲ್ಲರಿಗೂ ಸೇರಿದ ಜಾಗದಲ್ಲಿ ಯಾವ ಭಾಗವನ್ನು ಯಾವ ಫ್ಲ್ಯಾಟಿನ ಬಳಕೆಗೆ ಮೀಸಲಿಟ್ಟಿದೆ ಎಂಬುದನ್ನು ಅದರಲ್ಲಿ ಬರೆಯಬಹುದು. ಹಾಗೆ ಬರೆದ ಜಾಗ 'ಸೀಮಿತ ಸಾಮಾನ್ಯ ಪ್ರದೇಶ' ಆಗುತ್ತದೆ. ಆಗಲೂ ನೆಲದ ಒಡೆತನ ಹದಿನಾರು ಮನೆಯವರದ್ದೇ. ಕಾರು ನಿಲ್ಲಿಸುವ ಹಕ್ಕು ಮಾತ್ರ ಆ ಒಂದು ಫ್ಲ್ಯಾಟಿನದು.

ನೂರಾರು ವಾಗ್ವಾದಗಳ ಗಂಟು ಇರುವುದು ಇಲ್ಲೇ. ಕ್ರಯಪತ್ರದಲ್ಲಿ 'ಕಾರ್ ಪಾರ್ಕಿಂಗ್ ಸಮೇತ' ಎಂದು ಓದಿದವರು, ಒಳಗೆ ಅಡುಗೆಮನೆ ಹೇಗೆ ತಮ್ಮದೋ ಹಾಗೆಯೇ ಕೆಳಗಿನ ಆ ಚೌಕವೂ ತಮ್ಮದು ಎಂದುಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಗೇಟು ಹಾಕಿಸುತ್ತಾರೆ, ಹಳೆ ಸೋಫಾ ಇಡುತ್ತಾರೆ, ಹೊರಗಿನವರಿಗೆ ತಿಂಗಳ ಬಾಡಿಗೆಗೆ ಕೊಡುತ್ತಾರೆ, ಕೆಲವರು ಫ್ಲ್ಯಾಟ್ ಇಟ್ಟುಕೊಂಡು ಪಾರ್ಕಿಂಗ್ ಮಾತ್ರ ಮಾರಲು ಹೊರಡುತ್ತಾರೆ. ಬಳಕೆಯ ಹಕ್ಕು ಅಷ್ಟು ದೂರ ಹೋಗುವುದಿಲ್ಲ. ಸಾಮಾನ್ಯ ಪ್ರದೇಶದಲ್ಲಿರುವ ಅವಿಭಾಜ್ಯ ಹಿಸ್ಸೆಯನ್ನು ಫ್ಲ್ಯಾಟಿನಿಂದ ಬೇರ್ಪಡಿಸಲಾಗದು. ಕ್ರಯಪತ್ರದಲ್ಲಿ ಬರೆಯಲಿ, ಬಿಡಲಿ, ಫ್ಲ್ಯಾಟ್ ಹೋದ ಕಡೆಗೆ ಅದೂ ಹೋಗುತ್ತದೆ. ಆ ಜಾಗವನ್ನು ಯಾವ ಉದ್ದೇಶಕ್ಕೆ ಇಟ್ಟಿದೆಯೋ ಅದಕ್ಕೇ ಬಳಸಬೇಕು, ಉಳಿದವರ ಹಕ್ಕಿಗೆ ಅಡ್ಡಿಯಾಗಬಾರದು ಎಂದೂ ಕಾಯ್ದೆ ಹೇಳುತ್ತದೆ.

ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಇನ್ನೂ ಸ್ವಲ್ಪ ಸ್ಪಷ್ಟತೆ ತಂದಿತು. ಅದರ ಪ್ರಕಾರ ಗ್ಯಾರೇಜ್ ಎಂದರೆ ಮೇಲೆ ಸೂರು, ಮೂರು ಕಡೆ ಗೋಡೆ ಇರುವ ಜಾಗ. ತೆರೆದ ಪಾರ್ಕಿಂಗ್ ಗ್ಯಾರೇಜ್ ಆಗುವುದಿಲ್ಲ, ಅದು ಸಾಮಾನ್ಯ ಪ್ರದೇಶ. ಸಾಮಾನ್ಯ ನೆಲಮಾಳಿಗೆಯೂ ಅದೇ ಪಟ್ಟಿಯಲ್ಲಿದೆ. ನಮ್ಮ ಸ್ಟಿಲ್ಟ್‌ಗಳಿಗೆ ಸೂರಿದೆ, ಗೋಡೆಯಿಲ್ಲ. ಜಾಹೀರಾತಿನ 'ಕವರ್ಡ್ ಪಾರ್ಕಿಂಗ್' ಎಂಬ ಪದಕ್ಕೂ ಕಾಯ್ದೆಯ ಗ್ಯಾರೇಜಿಗೂ ಇಷ್ಟು ಅಂತರವಿದೆ. ರೇರಾದಲ್ಲಿ ನೋಂದಣಿಯಾದ ಯೋಜನೆಯಾದರೆ, ಮಾರಾಟಕ್ಕಿರುವ ಗ್ಯಾರೇಜ್ ಎಷ್ಟು, ಅವುಗಳ ವಿಸ್ತೀರ್ಣ ಎಷ್ಟು ಎಂದು ಬಿಲ್ಡರ್ ಅರ್ಜಿಯಲ್ಲೇ ಹೇಳಬೇಕು. ಫ್ಲ್ಯಾಟ್ ಕೊಳ್ಳುವವರು ಮುಂಗಡ ಕೊಡುವ ಮೊದಲು ಕರ್ನಾಟಕ ರೇರಾ ಜಾಲತಾಣದಲ್ಲಿ ಈ ಸಂಖ್ಯೆಯನ್ನು ನೋಡಲೇಬೇಕು. ಅಡುಗೆಮನೆಯ ಟೈಲ್ಸ್ ನೋಡಲು ಕೊಡುವ ಹೊತ್ತಿನಲ್ಲಿ ಹತ್ತು ನಿಮಿಷ ಇದಕ್ಕೆ ಸಾಕು.

ಇನ್ನು ಮಂಜೂರಾದ ನಕ್ಷೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಗಳಂತೆ 50ರಿಂದ 150 ಚದರ ಮೀಟರ್ ತನಕದ ಪ್ರತಿ ಮನೆಗೆ ಒಂದು ಕಾರಿನ ಜಾಗ ಇರಬೇಕು. ಅದರ ಮೇಲೆ ಶೇ 10ರಷ್ಟು ಜಾಗ ಬಂದುಹೋಗುವವರಿಗೆ. ಅಂದರೆ ವಿಸಿಟರ್ ಪಾರ್ಕಿಂಗ್ ಯಾರೂ ಔದಾರ್ಯದಿಂದ ಬಿಟ್ಟುಕೊಟ್ಟದ್ದಲ್ಲ, ನಕ್ಷೆಗೆ ಮಂಜೂರಾತಿ ಸಿಕ್ಕಿದ್ದೇ ಆ ಷರತ್ತಿನ ಮೇಲೆ. ಅದನ್ನು ಎರಡನೆಯ ಕಾರು ಇರುವ ಮನೆಗೆ ಶಾಶ್ವತವಾಗಿ ಬರೆದುಕೊಡುವ ಅಸೋಸಿಯೇಷನ್ ತನ್ನದಲ್ಲದ್ದನ್ನು ಕೊಡುತ್ತಿದೆ.

ನಕ್ಷೆಯನ್ನು ಕೈಯಲ್ಲಿ ಹಿಡಿದು ಕೆಳಗೆ ಇಳಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನೆಲದ ಮೇಲೆ ಬಿಳಿ ಬಣ್ಣದಲ್ಲಿ 14, 15, 16 ಎಂದು ಬರೆದ ಜಾಗಗಳು ನಕ್ಷೆಯಲ್ಲಿ ಇರುವುದೇ ಇಲ್ಲ. ಅವು ಇರುವುದು ಕಾಂಪೌಂಡಿನ ಪಕ್ಕ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್‌ನಲ್ಲಿ, ಅಥವಾ ಗಾಡಿ ತಿರುಗಿಸಲು ಬಿಟ್ಟ ದಾರಿಯಲ್ಲಿ, ಅಥವಾ ಅಗ್ನಿಶಾಮಕ ವಾಹನ ಬರಬೇಕಾದ ಕಡೆ. ಬಿಲ್ಡರ್ ಬಣ್ಣ ಬಳಿಸಿ, ಅಲಾಟ್‌ಮೆಂಟ್ ಲೆಟರ್ ಕೊಟ್ಟು, ದುಡ್ಡು ಇಸಿದುಕೊಂಡಿದ್ದಾನೆ. ಆ ಪತ್ರ ಹಿಡಿದಿರುವ ಮನೆಯವರ ಸ್ಥಿತಿ ನಿಜಕ್ಕೂ ಕಷ್ಟದ್ದು. ಅವರು ಯಾರ ಜಾಗವನ್ನೂ ಕಿತ್ತುಕೊಂಡಿಲ್ಲ, ಆದರೆ ಕೈಯಲ್ಲಿರುವ ಪತ್ರಕ್ಕೆ ಕೆಳಗೆ ನೆಲವಿಲ್ಲ. ಅವರನ್ನು 'ದಾರಿಗೆ ಅಡ್ಡ ನಿಲ್ಲಿಸುವವರು' ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೀಯಾಳಿಸುವುದು ಅನ್ಯಾಯ. ಅವರ ತಕರಾರು ಬಿಲ್ಡರ್ ಮೇಲೆ ಆಗಬೇಕು, ಅದಕ್ಕೆ ಉಳಿದ ಮನೆಯವರು ಜೊತೆಗೆ ನಿಲ್ಲಬೇಕು. ನಕ್ಷೆಯ ಪ್ರತಿ ಇಲ್ಲದಿದ್ದರೆ ಪಾಲಿಕೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು.

ಗೆರೆ ದಾಟಿತು ಎಂಬ ಜಗಳ ಬೇರೆ ಜಾತಿಯದು. ಇದರಲ್ಲಿ ಜಾಗ ಯಾರದ್ದೆಂದು ಇಬ್ಬರಿಗೂ ಗೊತ್ತು, ಒಬ್ಬರ ಕಾರು ಒಂದು ಗೇಣು ಈ ಕಡೆ ಬಂದಿದೆ ಎಂಬುದಷ್ಟೇ ತಕರಾರು. ಇದನ್ನು ನಡತೆಯ ಪ್ರಶ್ನೆ ಎನ್ನುವ ಮೊದಲು ಟೇಪು ಹಿಡಿದು ಅಳೆದು ನೋಡಿ. ಬೆಂಗಳೂರಿನ ನಿಯಮದಂತೆ ಒಂದು ಕಾರಿನ ಜಾಗ 2.5 ಮೀಟರ್ ಅಗಲ, 5.5 ಮೀಟರ್ ಉದ್ದ. ಹಳೆಯ ಮಾರುತಿ 800ರ ಅಗಲ 1.44 ಮೀಟರ್, ಉದ್ದ 3.34 ಮೀಟರ್. ಅದನ್ನು ನಡುವಿಗೆ ನಿಲ್ಲಿಸಿದರೆ ಎರಡೂ ಕಡೆ ಅರ್ಧ ಮೀಟರಿಗಿಂತ ಹೆಚ್ಚು ಉಳಿಯುತ್ತಿತ್ತು, ಬಾಗಿಲು ತೆರೆದು ಆರಾಮವಾಗಿ ಇಳಿಯಬಹುದಿತ್ತು. ಇನ್ನೋವಾ ಕ್ರಿಸ್ಟಾದ ಅಗಲ 1.83 ಮೀಟರ್, ಉದ್ದ 4.73 ಮೀಟರ್ ದಾಟುತ್ತದೆ. ಒಂದೊಂದು ಕಡೆ ಉಳಿಯುವುದು 33 ಸೆಂಟಿಮೀಟರ್. ಕನ್ನಡಿ ಅದರಲ್ಲೂ ಒಂದಿಷ್ಟು ನುಂಗುತ್ತದೆ. ಜಾಗದ ಅಂಚಿನಲ್ಲಿ ಕಂಬವಿದ್ದರೆ ಚಾಲಕ ಇಳಿಯಲು ಕಂಬದಿಂದ ಆಚೆಗೆ ಸರಿಸಿಯೇ ನಿಲ್ಲಿಸಬೇಕು, ಸರಿಸಿದರೆ ಪಕ್ಕದವರ ಗೆರೆ ಮೇಲೆ ಚಕ್ರ. ಎರಡು ದೊಡ್ಡ ಕಾರುಗಳು ಪಕ್ಕಪಕ್ಕದಲ್ಲಿ ಬಂದರೆ ಇಬ್ಬರೂ ಎಷ್ಟೇ ಸಭ್ಯರಾದರೂ ಬಾಗಿಲು ಬಾಗಿಲಿಗೆ ತಾಗುತ್ತದೆ.

ಇದಕ್ಕೆ ಪರಿಹಾರ ಬುದ್ಧಿವಾದದಲ್ಲಿ ಸಿಗುವುದಿಲ್ಲ, ಹಂಚಿಕೆಯಲ್ಲಿ ಸಿಗುತ್ತದೆ. ಒಂದು ಸಣ್ಣ ಕಾರಿನ ಪಕ್ಕ ಒಂದು ದೊಡ್ಡ ಕಾರು ಬರುವಂತೆ ಇಬ್ಬರ ಒಪ್ಪಿಗೆಯ ಮೇಲೆ ಜಾಗ ಅದಲು ಬದಲು ಮಾಡಬಹುದು. ಗೋಡೆ ಕಡೆಯ ಜಾಗದಲ್ಲಿ ಕಾರನ್ನು ಹಿಮ್ಮುಖವಾಗಿ ನಿಲ್ಲಿಸಿದರೆ ಚಾಲಕನ ಬಾಗಿಲು ಗೋಡೆಯಿಲ್ಲದ ಬದಿಗೆ ಬರುವುದೂ ಉಂಟು. ಮಂಡಿನೋವಿರುವ ಹಿರಿಯರು, ಗಾಲಿಕುರ್ಚಿ ಬಳಸುವವರು ಇರುವ ಮನೆಗೆ ಲಿಫ್ಟ್ ಹತ್ತಿರದ, ಕಂಬವಿಲ್ಲದ ಅಂಚಿನ ಜಾಗ ಕೊಡುವುದನ್ನು ಕಟ್ಟಡದವರು ಮತಕ್ಕೆ ಹಾಕದೆ ಮಾಡಬೇಕು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಬದಲಾವಣೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಎರಡೂ ಮನೆಯ ಓನರ್‌ಗಳು ಸಹಿ ಹಾಕಿದ ಒಂದು ಹಾಳೆ ಅಸೋಸಿಯೇಷನ್ ಕಡತದಲ್ಲಿರಲಿ, ಯಾವಾಗ ವಾಪಸ್ಸು ಎಂಬುದೂ ಅದರಲ್ಲಿರಲಿ. ಇಲ್ಲದಿದ್ದರೆ ಫ್ಲ್ಯಾಟ್ ಮಾರಾಟವಾದ ದಿನ ಹೊಸಬರು ಹಳೆಯ ಕ್ರಯಪತ್ರ ಹಿಡಿದು ಬರುತ್ತಾರೆ.

ಹಿಂದು-ಮುಂದು ಪಾರ್ಕಿಂಗ್, ಕೆಲವರು ಡಿಪೆಂಡೆಂಟ್ ಪಾರ್ಕಿಂಗ್ ಎನ್ನುತ್ತಾರೆ, ಇದಕ್ಕಿಂತ ನಾಜೂಕಿನದು. ಒಂದರ ಹಿಂದೆ ಒಂದು ಕಾರು, ಒಳಗಿನದು ಹೊರಡಬೇಕಾದರೆ ಹೊರಗಿನದು ಸರಿಯಬೇಕು. ಎರಡೂ ಜಾಗ ಒಂದೇ ಮನೆಗೆ ಸೇರಿದ್ದರೆ ತೊಂದರೆಯಿಲ್ಲ. ಬೇರೆ ಬೇರೆ ಮನೆಗೆ ಕೊಟ್ಟರೆ ಅದು ಪ್ರತಿ ಬೆಳಿಗ್ಗೆ ಏಳು ಗಂಟೆಗೆ ನಡೆಯುವ ಪರೀಕ್ಷೆ. ಹೊರಗಿನ ಕಾರಿನವರು ಊರಿಗೆ ಹೋಗುವಾಗ ಕೀಲಿಯನ್ನು ಯಾರ ಹತ್ತಿರ ಕೊಡಬೇಕು, ಸೆಕ್ಯುರಿಟಿಯವರು ಕಾರು ಸರಿಸುವಾಗ ಉಜ್ಜಿದರೆ ಯಾರು ಹೊಣೆ ಎಂಬುದನ್ನು ಮೊದಲೇ ಬರೆದಿಡಬೇಕು. ಸೆಕ್ಯುರಿಟಿಯವರ ಕೈಗೆ ಕೀಲಿ ಕೊಡಲೇಬಾರದು ಎನ್ನುವವರ ಪರ ನಾನು. ಕಡಿಮೆ ಸಂಬಳದ ಒಬ್ಬ ಮನುಷ್ಯನ ತಲೆ ಮೇಲೆ ಲಕ್ಷಗಟ್ಟಲೆ ರೂಪಾಯಿ ಗಾಡಿಯ ಹೊಣೆ ಹೊರಿಸುವುದು ಸರಿಯಲ್ಲ. ಅವರಿಗೆ ಚಾಲನಾ ಪರವಾನಗಿ ಇದೆಯೋ ಇಲ್ಲವೋ ಎಂದು ಎಷ್ಟೋ ಕಡೆ ಯಾರೂ ಕೇಳಿರುವುದೂ ಇಲ್ಲ.

ಹಾಗಾದರೆ ಅಸೋಸಿಯೇಷನ್ ಏನು ಮಾಡಬಹುದು? ಘೋಷಣಾ ಪತ್ರದಲ್ಲಿ ಒಂದು ಫ್ಲ್ಯಾಟಿಗೆ ಮೀಸಲಾದ ಜಾಗವನ್ನು ಸಾಮಾನ್ಯ ಸಭೆಯಲ್ಲಿ ಕೈಯೆತ್ತಿಸಿ ಕಿತ್ತುಕೊಳ್ಳಲು ಬರುವುದಿಲ್ಲ. ಯಾರಿಗೂ ಮೀಸಲಾಗದ ಜಾಗದ ವಿಷಯದಲ್ಲಿ ಮಾತ್ರ ಅದಕ್ಕೆ ಸಾಕಷ್ಟು ಸ್ವಾತಂತ್ರ್ಯವಿದೆ, ತನ್ನ ಲಿಖಿತ ನಿಯಮಾವಳಿಯಾದ ಬೈಲಾ ಪ್ರಕಾರ ನಡೆದರೆ. ನಮ್ಮ ಹದಿನಾರು ಮನೆ, ಹದಿಮೂರು ಜಾಗದ ಕಟ್ಟಡಕ್ಕೆ ವಾಪಸ್ಸು ಬರೋಣ. ಘೋಷಣಾ ಪತ್ರದಲ್ಲಿ ಜಾಗದ ಸಂಖ್ಯೆಯೇ ಇಲ್ಲ, ಎಲ್ಲರ ಕ್ರಯಪತ್ರದಲ್ಲೂ 'ಒಂದು ಪಾರ್ಕಿಂಗ್' ಎಂದಷ್ಟೇ ಇದೆ ಎಂದಿಟ್ಟುಕೊಳ್ಳಿ. ಮೊದಲು ಬಂದವರಿಗೆ ಮೊದಲು ಎಂದರೆ ತಡವಾಗಿ ಕಾರು ಕೊಂಡವರಿಗೆ ಎಂದೆಂದಿಗೂ ಸಿಗುವುದಿಲ್ಲ. ಹರಾಜು ಹಾಕಿದರೆ ದುಡ್ಡಿದ್ದವರ ಪಾಲು. ಚೀಟಿ ಎತ್ತಿ ಮೂರು ಮನೆಯನ್ನು ಶಾಶ್ವತವಾಗಿ ಹೊರಗಿಟ್ಟರೆ ಅವರು ಕೋರ್ಟಿಗೆ ಹೋಗುತ್ತಾರೆ, ಹೋಗುವುದೇ ಸರಿ. ನನಗೆ ನ್ಯಾಯವೆನಿಸುವ ಏರ್ಪಾಡು ಸರದಿ: ಪ್ರತಿ ವರ್ಷ ಮೂರು ಮನೆಯವರು ಹೊರಗೆ ನಿಲ್ಲಿಸುವುದು, ಆ ವರ್ಷ ಅವರ ಮೇಂಟೆನೆನ್ಸ್‌ನಲ್ಲಿ ರಿಯಾಯಿತಿ, ಹತ್ತಿರದಲ್ಲಿ ಬಾಡಿಗೆಗೆ ಜಾಗ ಹಿಡಿದರೆ ಅದರ ಖರ್ಚು ಹದಿನಾರು ಮನೆಗೂ ಹಂಚಿಕೆ. ಕಾರಿಲ್ಲದ ಮನೆಯವರು ತಮ್ಮ ಸರದಿಯನ್ನು ಬಿಟ್ಟುಕೊಟ್ಟರೆ ಆ ರಿಯಾಯಿತಿ ಅವರಿಗೆ. ಒಂದೇ ಮನೆಯ ಎರಡನೆಯ ಕಾರಿಗೆ ಎಲ್ಲರ ಮೊದಲನೆಯ ಕಾರು ನಿಂತ ಮೇಲಷ್ಟೇ ಅವಕಾಶ.

ಬಾಡಿಗೆದಾರರನ್ನು ಇಂಥ ಸಭೆಗಳಲ್ಲಿ ಮರೆತುಬಿಡುತ್ತಾರೆ. ಓನರ್ ಬೇರೆ ಊರಿನಲ್ಲಿದ್ದು ಮನೆಯನ್ನು ಬಾಡಿಗೆಗೆ ಕೊಟ್ಟು, ಪಾರ್ಕಿಂಗ್ ಜಾಗವನ್ನು ಮಾತ್ರ ತಮ್ಮ ನೆಂಟರಿಗೆ ಬಿಟ್ಟಿರುವುದೂ ಇದೆ. ಬಾಡಿಗೆ ಕರಾರಿನಲ್ಲಿ ಜಾಗದ ಸಂಖ್ಯೆ ಬರೆಸಿಕೊಳ್ಳದ ಬಾಡಿಗೆದಾರರು ಆಮೇಲೆ ಎಲ್ಲರಿಂದಲೂ ಮಾತು ಕೇಳಿಸಿಕೊಳ್ಳಬೇಕಾಗುತ್ತದೆ.

ಇತ್ತೀಚೆಗೆ ಹೆಚ್ಚುತ್ತಿರುವ ತಕರಾರು ಎಲೆಕ್ಟ್ರಿಕ್ ಗಾಡಿಗಳದ್ದು. ತಮ್ಮ ಮೀಟರಿನಿಂದ ತಂತಿ ಎಳೆದು ಕೆಳಗೆ ಚಾರ್ಜರ್ ಹಾಕಿಸಲು ಒಬ್ಬರು ಹೊರಟರೆ ಬೆಂಕಿಯ ಭಯದಿಂದ ಉಳಿದವರು ಬೇಡ ಎನ್ನುತ್ತಾರೆ. ಮನೆಯ ಸಂಪರ್ಕದಿಂದಲೇ ಗಾಡಿ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಅವಕಾಶ ಕೊಡುತ್ತದೆ. 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಂತೆ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕವನ್ನೂ ಕೇಳಬಹುದು. ಹಾಗೆಂದು ತಂತಿಯನ್ನು ಹೇಗೆ ಬೇಕಾದರೂ ಎಳೆಯಬಹುದು ಎಂದಲ್ಲ. ಲೋಡ್ ಸಾಕೇ, ಅರ್ತಿಂಗ್ ಸರಿಯಿದೆಯೇ, ಕೇಬಲ್ ಯಾವ ದಾರಿಯಲ್ಲಿ ಬರಬೇಕು ಎಂದು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಬರೆಸಿಕೊಳ್ಳುವಂತೆ ಅಸೋಸಿಯೇಷನ್ ಕೇಳುವುದು ನ್ಯಾಯ. ಬರಿಯ 'ಬೇಡ' ಎನ್ನುವುದಕ್ಕೆ ಆ ಬಲವಿಲ್ಲ.

ಸಿಟ್ಟು ತಲೆಗೇರಿದಾಗ ಜನ ಮಾಡುವ ಕೆಲಸಗಳ ಬಗ್ಗೆ ಎಚ್ಚರ ಬೇಕು. ಟೈರಿನ ಗಾಳಿ ಬಿಡುವುದು, ಬಣ್ಣ ಗೀಚುವುದು, ವೈಪರ್ ಮುರಿಯುವುದು ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಮಿನ ಅಡಿ ಆಸ್ತಿಗೆ ಹಾನಿ ಮಾಡಿದ ಅಪರಾಧವಾಗಬಲ್ಲದು. ಒಬ್ಬರು ಹೋಗುವ ಹಕ್ಕಿರುವ ಕಡೆ ಹೋಗದಂತೆ ಬೇಕೆಂದೇ ಅಡ್ಡಗಟ್ಟಿದರೆ 126ನೆಯ ಕಲಮು ಬರುತ್ತದೆ: ಒಂದು ತಿಂಗಳ ತನಕ ಸಾದಾ ಸಜೆ, ಇಲ್ಲವೇ 5000 ರೂಪಾಯಿ ತನಕ ದಂಡ, ಅಥವಾ ಎರಡೂ. ಜಾಗ ನಿಮ್ಮದೇ ಆಗಿದ್ದರೂ, ಅದರಲ್ಲಿ ನಿಂತ ಬೇರೆಯವರ ಕಾರಿಗೆ ಸರಪಳಿ ಹಾಕಿದ ಕ್ಷಣ ದೂರು ಕೊಡುವ ಸರದಿ ಅವರದಾಗುತ್ತದೆ. ಬೈಲಾದಲ್ಲಿಲ್ಲದ ದಂಡ ಹಾಕುವ, ನೀರು ನಿಲ್ಲಿಸುತ್ತೇವೆಂದು ಬೆದರಿಸುವ ಅಸೋಸಿಯೇಷನ್‌ಗಳದ್ದೂ ಇದೇ ಪಾಡು. ಗೇಟಿನ ಹೊರಗಿನ ರಸ್ತೆ ಸಾರ್ವಜನಿಕರದ್ದು. ಅಲ್ಲಿ ಹೂಕುಂಡ, ಕಲ್ಲು, 'ನೋ ಪಾರ್ಕಿಂಗ್' ಬೋರ್ಡು ಇಟ್ಟು ಜಾಗ ಕಾಯುವ ಹಕ್ಕು ಯಾವ ಮನೆಯವರಿಗೂ ಇಲ್ಲ. ಆದರೆ ಗೇಟಿಗೆ ಅಡ್ಡವಾಗಿ ನಿಂತ ಗಾಡಿಯನ್ನು ತೆಗೆಸಲು ಸಂಚಾರ ಪೊಲೀಸರನ್ನು ಕರೆಯಬಹುದು.

ಮಾತಿನಲ್ಲಿ ಮುಗಿಯದಿದ್ದರೆ ಎಲ್ಲಿಗೆ ಹೋಗಬೇಕು ಎಂಬುದು ಎದುರಾಳಿ ಯಾರು ಎಂಬುದರ ಮೇಲೆ ನಿಂತಿದೆ. ಇದ್ದದ್ದಕ್ಕಿಂತ ಹೆಚ್ಚು ಜಾಗ ಮಾರಿದ ಬಿಲ್ಡರ್ ಆದರೆ ರೇರಾ ಅಥವಾ ಗ್ರಾಹಕರ ಆಯೋಗ. ಮನೆಯವರೆಲ್ಲ ಸೇರಿ ಸಹಕಾರ ಸಂಘ ಕಟ್ಟಿಕೊಂಡಿದ್ದರೆ, ಸದಸ್ಯರ ನಡುವಿನ ವಿವಾದ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೆಯ ಕಲಮಿನಂತೆ ಸಹಕಾರ ಇಲಾಖೆಯ ನಿಬಂಧಕರ ಮುಂದೆ. 1972ರ ಅಪಾರ್ಟ್‌ಮೆಂಟ್ ಕಾಯ್ದೆಯ ಅಡಿ ಬರುವ ಕಟ್ಟಡದಲ್ಲಿ ಬೈಲಾ ಮುರಿದವರ ಮೇಲೆ ಅಸೋಸಿಯೇಷನ್ ಸಿವಿಲ್ ದಾವೆ ಹೂಡಬಹುದು. ಅದು ಸುಮ್ಮನೆ ಕೂತರೆ, ಸೂಕ್ತ ಸಂದರ್ಭದಲ್ಲಿ ತೊಂದರೆಗೆ ಒಳಗಾದ ಓನರ್ ತಾವೇ ಪರಿಹಾರವನ್ನೋ ತಡೆಯಾಜ್ಞೆಯನ್ನೋ ಕೇಳಬಹುದು. ಸಿವಿಲ್ ದಾವೆ ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟೂ ದಿನ ಇಬ್ಬರೂ ಒಂದೇ ಲಿಫ್ಟಿನಲ್ಲಿ ಓಡಾಡಬೇಕು. ಅದಕ್ಕೇ ದಾವೆ ಹೂಡಿದ ಮೇಲೂ ಮಧ್ಯಸ್ಥಿಕೆ ಕೇಳುವುದು ಒಳ್ಳೆಯದು. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ನ್ಯಾಯಾಲಯಗಳೇ ಪ್ರಕರಣಗಳನ್ನು ಕಳಿಸುತ್ತವೆ. ಅಲ್ಲಿ ಆದ ಒಪ್ಪಂದ ನ್ಯಾಯಾಲಯದ ಡಿಕ್ರಿಯಾಗಬಹುದು. ಯಾವ ಜಾಗ, ಯಾವ ಅಳತೆ, ಫ್ಲ್ಯಾಟ್ ಮಾರಿದರೆ ಏನು, ಬಾಡಿಗೆದಾರರು ಬಂದರೆ ಏನು ಎಂಬುದನ್ನೆಲ್ಲ ಆ ಒಪ್ಪಂದದಲ್ಲಿ ಬರೆಸಿ, ಜಾಗದ ಸಂಖ್ಯೆ ಗುರುತಿಸಿದ ನಕ್ಷೆಯ ಪ್ರತಿಯೊಂದನ್ನು ಅದಕ್ಕೆ ಲಗತ್ತಿಸಿ.